ಬೇಡ, ಈಗಷ್ಟೇ ಊಟ ಆಯ್ತು

ಮೊದಲ ಸಲ ಕರೆದ ಕೂಡಲೇ ಊಟಕ್ಕೆ ಕುಳಿತವಳು ನಾನಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ. ಕೇರಳದ ಗಡಿಯಲ್ಲಿರುವ ನಮ್ಮೂರು ಬಾಯಾರಿನ ಕಡೆ ಇರುವುದೇ ಹಾಗೆ. ಯಾರ ಮನೆಗೆ ಹೋದರೂ, ಒಳಗಿನಿಂದ ಬರುವ ಬಂಗುಡೆ ಸಾರಿನ ಪರಿಮಳಕ್ಕೆ ಕಾಲು ತಾನಾಗಿ ಅಡುಗೆಮನೆಯ ಕಡೆ ತಿರುಗಿದ್ದರೂ, ಮನೆಯವರು "ಬನ್ನಿ, ಊಟ ಮಾಡುವ" ಎಂದರೆ ಬಾಯಿ ಮಾತ್ರ "ಬೇಡ, ಈಗಷ್ಟೇ ಊಟ ಆಯ್ತು" ಎನ್ನುತ್ತದೆ. ಆಗ ಅವರು "ಅದೆಲ್ಲ ಗೊತ್ತಿಲ್ಲ, ಒಂದು ಮುಷ್ಟಿ ಆದ್ರೂ ತಿನ್ನಲೇಬೇಕು" ಎನ್ನಬೇಕು. ನಾವು "ಹೊಟ್ಟೆಯಲ್ಲಿ ಜಾಗವೇ ಇಲ್ಲ" ಎನ್ನಬೇಕು. ಅವರು ಕೈ ಹಿಡಿದು ಎಳೆಯಬೇಕು. ನಾವು "ನಿಮ್ಮದೊಂದು ಒತ್ತಾಯ" ಎಂದು ಗೊಣಗುತ್ತಾ ಹೋಗಿ ಕುಳಿತು, ಜಾಗವೇ ಇಲ್ಲದ ಆ ಹೊಟ್ಟೆಗೆ ಎರಡೆರಡು ಸಲ ಅನ್ನ ಹಾಕಿಸಿಕೊಂಡು, ಕೊನೆಗೆ ತಟ್ಟೆಗೆ ಕೈ ಅಡ್ಡ ಹಿಡಿಯಬೇಕು. ಬಡಿಸುವವರು ಬೆರಳ ಸಂದಿಯಿಂದಲೇ ಇನ್ನೊಂದು ಸೌಟು ಸಾರು ಬಿಡಬೇಕು. ಇಷ್ಟೂ ಆದರೆ ಅದು ಊಟ. ಇಲ್ಲದಿದ್ದರೆ ಅದು ಹೊಟ್ಟೆ ತುಂಬಿಸಿಕೊಳ್ಳುವುದು, ಅದನ್ನು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲೂ ಮಾಡಬಹುದು.

ಎಲ್ಲ ಕರೆಯೂ ನಿಜವಾದ ಕರೆಯಲ್ಲ ಎಂಬುದು ಬೇರೆ. ಹೊತ್ತಲ್ಲದ ಹೊತ್ತಿನಲ್ಲಿ ಹೋದಾಗ ಮನೆಯಾಕೆ ಕುಳಿತಲ್ಲಿಂದಲೇ "ಊಟ ಮಾಡಬಹುದಿತ್ತು" ಎಂದರೆ ಅದು ಬಾಯಿಮಾತಿನ ಉಪಚಾರ. ಚಪ್ಪಲಿ ಹುಡುಕಲು ಶುರುಮಾಡಬೇಕು. ಮಾತಾಡುತ್ತಾ ಮಾತಾಡುತ್ತಾ ಒಳಗೆ ಹೋಗಿ ಪಾತ್ರೆ ಸ್ಟ್ಯಾಂಡಿನಿಂದ ತಟ್ಟೆ ತೆಗೆದ ಸದ್ದು ಕೇಳಿದರೆ ಅದು ನಿಜ. ಈ ವ್ಯತ್ಯಾಸವನ್ನು ನನಗೆ ಯಾರೂ ಕಲಿಸಿದ್ದಲ್ಲ. ಸೈಕಲ್ ಬಿಡಲು ಬಂದ ಹಾಗೆ ಬಂತು. ಸೈಕಲ್ ಬಿಡಲು ನನಗೆ ಇವತ್ತಿಗೂ ಸರಿಯಾಗಿ ಬರುವುದಿಲ್ಲ, ಅದು ಬಿಡಿ.

ಈ ವಿದ್ಯೆಯನ್ನು ನಂಬಿ ನಾನು ವಿಯೆಟ್ನಾಂ ದೇಶದ ಹನೋಯ್ ಎಂಬ ನಗರಕ್ಕೆ ಒಬ್ಬಳೇ ಹೋದೆ. ಯಾಕೆ ಹೋದೆ ಎಂದು ಊರಲ್ಲಿ ಈಗಲೂ ಕೇಳುತ್ತಾರೆ. ಕನ್ನಡ ಮೀಡಿಯಂ ಶಾಲೆಯಲ್ಲಿ ಸಮಾಜ ಪಾಠ ಮಾಡುತ್ತಿದ್ದ ನಾನು, "ವಿಯೆಟ್ನಾಮಿನ ಜನರ ಮುಖ್ಯ ಆಹಾರ ಯಾವುದು?" ಎಂಬ ಒಂದು ಅಂಕದ ಪ್ರಶ್ನೆಯನ್ನು ಮಕ್ಕಳಿಗೆ ಎಷ್ಟೋ ವರ್ಷ ಕೇಳಿದ್ದೆ. ಉತ್ತರ: ಅಕ್ಕಿ. ಬರೆದವರಿಗೆಲ್ಲ ಕೆಂಪು ಶಾಯಿಯಲ್ಲಿ ಸರಿ ಹಾಕಿದ್ದೆ. ಆದರೆ ಆ ಅಕ್ಕಿಯಲ್ಲಿ ಅವರು ಗಂಜಿ ಮಾಡುತ್ತಾರೋ, ಕಡುಬು ಮಾಡುತ್ತಾರೋ, ನೀರುದೋಸೆ ಹೊಯ್ಯುತ್ತಾರೋ, ಜೊತೆಗೆ ಎಂತ ಪದಾರ್ಥ ಮಾಡುತ್ತಾರೋ ನನಗೆ ಗೊತ್ತಿರಲಿಲ್ಲ. ನಿವೃತ್ತಿಯ ದಿನದ ಸಭೆಯಲ್ಲಿ ಹೆಡ್ಮಾಸ್ಟರು, "ಇನ್ನು ಎಂತ ಟೀಚರೇ ಪ್ಲಾನು?" ಎಂದು ಮೈಕಿನಲ್ಲೇ ಕೇಳಿಬಿಟ್ಟರು. ಮೈಕ್ ಕಂಡರೆ ನನಗೆ ತಲೆ ಓಡುವುದಿಲ್ಲ, ನಾಲಗೆ ಓಡುತ್ತದೆ. "ವಿಯೆಟ್ನಾಂಗೆ ಹೋಗಿ ಅಲ್ಲಿಯವರ ಮನೆಯಲ್ಲಿ ಕೂತು ಊಟ ಮಾಡ್ತೇನೆ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಪಕ್ಕದೂರು ಪೈವಳಿಕೆಯನ್ನೂ ದಾಟಿತ್ತು. ಆಮೇಲೆ ಸಿಕ್ಕಿದವರೆಲ್ಲ "ಯಾವಾಗ ಟೀಚರೇ ವಿಯೆಟ್ನಾಂ?" ಎಂದು ಕೇಳತೊಡಗಿದ ಮೇಲೆ, ಹೋಗುವುದಕ್ಕಿಂತ ಹೋಗದೆ ಇರುವುದು ಕಷ್ಟವಾಯಿತು.

"ಅಲ್ಲಿಯವರ ಮನೆಯಲ್ಲಿ ಕೂತು" ಎಂದು ಯಾಕೆ ಹೇಳಿದೆ ಎಂದು ನಾನೇ ಆಮೇಲೆ ಯೋಚಿಸಿದೆ. ನಿಜ ಹೇಳಬೇಕೆಂದರೆ, ನನಗೆ ಒತ್ತಾಯ ಮಾಡಿ ಬಡಿಸುವವರು ಯಾರೂ ಉಳಿದಿರಲಿಲ್ಲ. ಅಮ್ಮ ಇದ್ದಾಗ ಅವಳು ಕೇಳುತ್ತಲೇ ಇರಲಿಲ್ಲ, ಹಾಕುತ್ತಿದ್ದಳು. ಅವಳು ಹೋದ ಮೇಲೆ ನಮ್ಮ ಮನೆಯಲ್ಲಿ ಒತ್ತಾಯ ಮಾಡುವ ಕೆಲಸ ನನ್ನದೇ ಆಯಿತು. ಒತ್ತಾಯ ಮಾಡುವವಳಿಗೆ ಒತ್ತಾಯ ಮಾಡುವವರು ಇರುವುದಿಲ್ಲ. ಎಲ್ಲರದ್ದೂ ಆದ ಮೇಲೆ ತಳದ ಅನ್ನಕ್ಕೆ ಉಳಿದ ಸಾರು ಕಲಸಿಕೊಂಡು ಅಡುಗೆಮನೆಯ ಕಟ್ಟೆಗೆ ಒರಗಿ ಉಣ್ಣುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಬೇಸರವಿತ್ತೇ ಎಂದು ಕೇಳಿದರೆ, ಇತ್ತು.

ಜೊತೆಗೆ ಬರಲು ನಮ್ಮವರನ್ನು ಕರೆದೆ. ನಮ್ಮವರಿಗೆ ಪೇಟೆಯಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿಯ ಅಂಗಡಿ. ಮೂಲತಃ ಸಾಧು ಮನುಷ್ಯ, ಆದರೆ ಮಾತನ್ನು ಸ್ವಿಚ್ಚಿನ ಹಾಗೆ ಕೇಳುವವರು. ಆನ್ ಎಂದರೆ ಆನ್, ಆಫ್ ಎಂದರೆ ಆಫ್. ನಡುವೆ ಇನ್ನೊಂದು ಇರಬಹುದು ಎಂಬ ಅನುಮಾನವೇ ಇಲ್ಲ. ಮದುವೆಯಾದ ಹೊಸತರಲ್ಲಿ "ಸೀರೆ ಬೇಕಾ?" ಎಂದು ಕೇಳಿದ್ದರು. "ಎಂತಕ್ಕೆ, ಬೇಡ" ಎಂದಿದ್ದೆ. ಆ ವಿಷಯ ಅಲ್ಲಿಗೆ ಮುಗಿದಿತ್ತು. ಈಗ "ವಿಯೆಟ್ನಾಂಗೆ ಬರ್ತೀರಾ?" ಎಂದರೆ, "ಅಲ್ಲಿ ಕುಚ್ಚಲಕ್ಕಿ ಉಂಟಾ?" ಎಂದರು. "ಗೊತ್ತಿಲ್ಲ" ಎಂದೆ. "ಹಾಗಾದ್ರೆ ನೀನು ನೋಡಿ ಬಾ" ಎಂದು ಗ್ರೈಂಡರಿನ ಮೋಟಾರು ಬಿಚ್ಚತೊಡಗಿದರು.

ಹೊರಡುವ ಹಿಂದಿನ ದಿನ ನಾದಿನಿ ಪ್ರೇಮ ಒಂದು ಚೀಲ ಹಿಡಿದುಕೊಂಡು ಬಂದಳು. ಒಳಗೆ ಹಲಸಿನ ಹಪ್ಪಳ, ಅವಲಕ್ಕಿ, ಒಣ ಸಿಗಡಿಯ ಚಟ್ನಿಪುಡಿ, ಮಾವಿನ ಮಿಡಿ ಉಪ್ಪಿನಕಾಯಿ. "ಅತ್ತಿಗೆ, ಅಲ್ಲಿ ನಿಮಗೆ ಎಂತದೂ ತಿನ್ಲಿಕ್ಕೆ ಆಗ್ಲಿಕ್ಕಿಲ್ಲ. ಇದಿರಲಿ" ಎಂದಳು. ನಾನು ಬೇಡ ಎಂದೆ, ಅವಳು ಇರಲಿ ಎಂದಳು, ನಾನು ಭಾರ ಆಗುತ್ತದೆ ಎಂದೆ, ಅವಳು ಸೂಟ್‌ಕೇಸಿಗೇ ತುರುಕಿದಳು. ಪದ್ಧತಿ ಪ್ರಕಾರವೇ ಎಲ್ಲ ನಡೆಯಿತು. ಆದರೆ ಹೋಗುವಾಗ "ಹೇಗೂ ಎರಡನೇ ದಿನ ಈ ಚೀಲ ಬಿಚ್ತೀರಿ, ನೋಡಿ" ಎಂದು ನಕ್ಕಳಲ್ಲ, ಅದು ನನಗೆ ನಾಟಿತು. ಏನಾದರೂ ಆಗಲಿ, ಈ ಚೀಲ ಬಿಚ್ಚದೆ ಬರುತ್ತೇನೆ, ಅಲ್ಲಿಯವರ ಮನೆಯಲ್ಲಿ ಒಂದು ಊಟವಾದರೂ ಮಾಡಿಯೇ ಬರುತ್ತೇನೆ ಎಂದು ಮನಸ್ಸಿನಲ್ಲೇ ಹಟ ಹಿಡಿದೆ.

ಓಣಂ ಕಳೆದ ಮೇಲೆ, ರೈಲಿನಲ್ಲಿ ಕೊಚ್ಚಿಗೆ ಹೋಗಿ, ವಿಮಾನ ಹತ್ತಿ, ನಡುವೆ ಒಂದು ಕಡೆ ಇಳಿದು ಮತ್ತೆ ಹತ್ತಿ, ಹನೋಯ್ ಮುಟ್ಟಿದೆ. ಫೋನಿನಲ್ಲಿ ನಾನೇ ಗೊತ್ತುಮಾಡಿದ್ದ ಮನೆ ಹಳೆಯ ಪೇಟೆಯ ಒಂದು ಓಣಿಯಲ್ಲಿತ್ತು. ಅಗಲ ಒಂದು ಕೋಣೆಯಷ್ಟೇ, ಬೆಳೆದದ್ದೆಲ್ಲ ಮೇಲಕ್ಕೆ. ಮೇಲಿನ ಕೋಣೆಗಳನ್ನು ನನ್ನಂಥವರಿಗೆ ಬಾಡಿಗೆಗೆ ಕೊಟ್ಟು, ಕೆಳಗೆ ಮನೆಯೊಡತಿ ತನ್ನ ಮಗಳೊಂದಿಗೆ ಇದ್ದಳು. ಒಡತಿಯ ಹೆಸರು ಹೋವಾ, ನನ್ನದೇ ಪ್ರಾಯ. ಮಗಳು ಲಿನ್ ಎಲ್ಲೋ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು, ಅವಳಿಗೆ ಇಂಗ್ಲಿಷ್ ಬರುತ್ತಿತ್ತು. ತಾಯಿಗೆ ಬರುತ್ತಿದ್ದದ್ದು ನಾಲ್ಕಾರು ಶಬ್ದ. ನನ್ನ ಇಂಗ್ಲಿಷೂ ಪಾಠದ ಇಂಗ್ಲಿಷೇ ಆದ್ದರಿಂದ ನಮ್ಮಿಬ್ಬರಿಗೂ ಒಳ್ಳೆ ಹೊಂದಾಣಿಕೆಯಾಯಿತು. ಮೊದಲ ದಿನ ಲಿನ್ "ನೀವು ಯಾವ ಊರು?" ಎಂದು ಕೇಳಿದಳು. ಕೇರಳ, ಆದರೆ ನಾನು ಕಲಿಸಿದ್ದು ಕನ್ನಡದಲ್ಲಿ, ಮನೆಯಲ್ಲಿ ತುಳು, ಆಫೀಸಿನ ಕಾಗದ ಬರುವುದು ಮಲಯಾಳದಲ್ಲಿ, ಆಸ್ಪತ್ರೆಗೆ ಹೋಗುವುದು ಮಂಗಳೂರಿಗೆ ಎಂದು ಸ್ವಲ್ಪ ವಿವರವಾಗಿಯೇ ಹೇಳಿದೆ. ಆಮೇಲೆ ಅವಳು ನನ್ನ ಹತ್ತಿರ ಊರಿನ ವಿಷಯ ಕೇಳಲಿಲ್ಲ.

ಆ ಮನೆಯಲ್ಲಿ ನನ್ನ ಕಷ್ಟಕ್ಕೆ ಕಾರಣವಾದದ್ದು ಮೆಟ್ಟಿಲು. ಕೆಳಗಿನ ಕೋಣೆಯ ನೆಲಕ್ಕೆ ಚಾಪೆ ಹಾಸಿ, ನಡುವೆ ದೊಡ್ಡ ದುಂಡಗಿನ ಹರಿವಾಣದಲ್ಲಿ ಅನ್ನ, ಪದಾರ್ಥಗಳನ್ನೆಲ್ಲ ಇಟ್ಟು, ತಾಯಿ ಮಗಳು ಸುತ್ತ ಕೂತು ಉಣ್ಣುತ್ತಿದ್ದರು. ಮೆಟ್ಟಿಲಿಗೆ ದಾರಿ ಇದ್ದದ್ದು ಆ ಚಾಪೆಯ ಪಕ್ಕದಿಂದ. ಅಂದರೆ ನಾನು ಹೊರಗೆ ಹೋಗುವುದಿದ್ದರೂ, ಒಳಗೆ ಬರುವುದಿದ್ದರೂ ಇನ್ನೊಬ್ಬರ ಊಟವನ್ನು ಹಾದು ಹೋಗಬೇಕು. ಮೊದಲ ಸಂಜೆ ಹಾಗೆ ಹಾದು ಹೋಗುವಾಗಲೇ ಮಣ್ಣಿನ ಪಾತ್ರೆಯೊಂದರಿಂದ ಮೀನಿನ ಪರಿಮಳ ಬಂತು. ಕಾಳುಮೆಣಸು ಹಾಕಿ ಬತ್ತಿಸಿದ ಮೀನು. ಅಮ್ಮ ಉಳಿದ ಸಾರನ್ನು ಮರುದಿನ ಮಣ್ಣಿನ ಅಳಗೆಯಲ್ಲೇ ಬತ್ತಿಸುತ್ತಿದ್ದಳಲ್ಲ, ಆ ಪರಿಮಳ. ನನ್ನ ಕಾಲು ನಿಂತಿತು. ಹೋವಾ ತಲೆಯೆತ್ತಿ ನಕ್ಕು, ಚಾಪ್‌ಸ್ಟಿಕ್ಕಿನಿಂದ ಹರಿವಾಣ ತೋರಿಸಿ, ತನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ "ಅನ್ನ ತಿನ್ನಿ" ಎಂದಳು.

ನಾನು ಹೊಟ್ಟೆ ಸವರಿಕೊಂಡು, "ಬೇಡ, ಈಗಷ್ಟೇ ಊಟ ಆಯ್ತು" ಎಂದೆ. ಕನ್ನಡದಲ್ಲೇ ಅಂದೆ. ಅವಳಿಗೆ ಅರ್ಥವಾಯಿತು. ನಕ್ಕು ತಲೆಯಾಡಿಸಿ ತನ್ನ ಬಟ್ಟಲಿಗೆ ಅನ್ನ ಹಾಕಿಕೊಂಡಳು.

ನಾನು ಮೆಟ್ಟಿಲ ಬಳಿ ಸ್ವಲ್ಪ ಹೊತ್ತು ನಿಂತೆ. ಎರಡನೇ ಸಲ ಕರೆಯಬೇಕಲ್ಲ. ಚಪ್ಪಲಿ ಸರಿಮಾಡಿಕೊಂಡೆ. ಕನ್ನಡಕ ಒರೆಸಿದೆ. ಯಾರೂ ಕರೆಯಲಿಲ್ಲ. ಮೇಲೆ ಹೋಗಿ, ಬೆಳಿಗ್ಗೆ ವಿಮಾನದಲ್ಲಿ ಕೊಟ್ಟ ಬಿಸ್ಕತ್ತು ತಿಂದು ಮಲಗಿದೆ.

ಹಾಗೆಂದು ಹನೋಯ್‌ನಲ್ಲಿ ನಾನು ಉಪವಾಸ ಬಿದ್ದೆ ಎಂದು ಪ್ರೇಮನಂಥವರು ಖುಷಿಪಡಬೇಕಾಗಿಲ್ಲ. ಬೀದಿಗೆ ಇಳಿದರೆ ಆ ಊರು ಮೂರು ಹೊತ್ತೂ ತಿನ್ನುತ್ತಾ ಇರುತ್ತದೆ. ಫುಟ್‌ಪಾತಿನಲ್ಲಿ ಬಾಲವಾಡಿಯಲ್ಲಿ ಇಡುವಂಥ ಪುಟ್ಟ ಪುಟ್ಟ ಪ್ಲಾಸ್ಟಿಕ್ ಸ್ಟೂಲು. ಅದರ ಮೇಲೆ ಕೋಟು ಹಾಕಿದವರೂ ಮೊಣಕಾಲನ್ನು ಕಿವಿಯ ಹತ್ತಿರ ತಂದುಕೊಂಡು ಕೂತಿರುತ್ತಾರೆ. ಕೂರುವುದು ಸುಲಭ. ಏಳುವಾಗ ನಾನು ಪಕ್ಕದವರ ಹೆಗಲು ಹಿಡಿಯುತ್ತಿದ್ದೆ, ಅವರು ಬೇಸರ ಮಾಡುತ್ತಿರಲಿಲ್ಲ. ಒಂದು ಕಡೆ ಕುದಿಯುವ ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ, ಅದರ ಮೇಲೆ ಅಕ್ಕಿಹಿಟ್ಟು ಸವರಿ ಮುಚ್ಚುತ್ತಿದ್ದಳು ಒಬ್ಬಳು. ತೆಗೆದರೆ ನಮ್ಮ ನೀರುದೋಸೆ. ಕಾವಲಿಯನ್ನೇ ಕಾಣದ ನೀರುದೋಸೆ. ಒಳಗೆ ಹಂದಿ ಮಾಂಸ ತುಂಬಿಸುತ್ತಾರೆಂದು ನೋಡಿ, ಕೈ ಅಡ್ಡ ಮಾಡಿ ಖಾಲಿಯದ್ದೇ ಕೇಳಿದೆ. ಅವಳು ನನ್ನನ್ನು ಕನಿಕರದಿಂದ ನೋಡಿ, ಮೇಲೆ ಹುರಿದ ನೀರುಳ್ಳಿ ಎರಡು ಪಾಲು ಹಾಕಿಕೊಟ್ಟಳು. ತಿಂದರೆ ನಾಲಗೆಗೆ ತಾಗುವ ಮೊದಲೇ ಗಂಟಲಲ್ಲಿ ಇಳಿಯುತ್ತಿತ್ತು. ನಾನು ಇಷ್ಟು ವರ್ಷ ಹೊಯ್ದದ್ದು ದೋಸೆಯೇ ಹೌದಾ ಎಂದು ಸಂಶಯ ಬಂತು.

ಸಂಶಯಗಳು ಅಲ್ಲಿಂದಲೇ ಶುರುವಾದವು. ಇನ್ನೊಂದು ಕಡೆ ಮೀನಿನ ತುಂಡುಗಳಿಗೆ ಅರಸಿನ ಹಚ್ಚಿ, ಎದುರಿಗೇ ಬಾಣಲೆ ಇಟ್ಟು ಹುರಿದು, ಅದಕ್ಕೆ ಕಟ್ಟು ಕಟ್ಟು ಸಬ್ಬಸಿಗೆ ಸೊಪ್ಪು ಸುರಿದರು. ಮೀನಿಗೆ ಅರಸಿನ ಸರಿ, ಸಬ್ಬಸಿಗೆ ವಡೆಗೆ ಸರಿ. ಮೀನಿಗೂ ಸಬ್ಬಸಿಗೆಗೂ ಎಂತ ಸಂಬಂಧ? ಗೊಂದಲದಲ್ಲೇ ತಿಂದೆ, ಬಾಣಲೆ ಖಾಲಿಯಾಗುವವರೆಗೆ ತಿಂದೆ. ಕೋಳಿಯ ಸಾರಿನಲ್ಲಿ ಶ್ಯಾವಿಗೆ ಹಾಕಿ ಕೊಡುವ ಅಂಗಡಿಯಲ್ಲಿ ಒಂದು ಬುಟ್ಟಿ ತುಂಬ ಹಸಿ ಸೊಪ್ಪು ತಂದಿಟ್ಟರು. ಎದುರಿಗೆ ಇಟ್ಟದ್ದನ್ನು ಬಿಟ್ಟೇಳುವುದು ಸರಿಯಲ್ಲ ಎಂದು ನನ್ನ ನಂಬಿಕೆ. ಪುದಿನ, ತುಳಸಿಯ ಹಾಗಿನದ್ದು, ಹೆಸರಿಲ್ಲದ ಇನ್ನೇನೋ ಎಲ್ಲವನ್ನೂ ಜಗಿದು ಬುಟ್ಟಿ ಖಾಲಿ ಮಾಡಿದೆ. ಅಂಗಡಿಯವಳು ಸಂತೋಷದಿಂದ ಮತ್ತೊಂದು ಬುಟ್ಟಿ ತಂದಳು. ಅದನ್ನೂ ಮುಗಿಸಿದೆ. ಮೂರನೆಯದು ಬಂದಾಗ ಸುತ್ತ ಕೂತವರು ತಮ್ಮ ಊಟ ಬಿಟ್ಟು ನನ್ನನ್ನು ನೋಡುತ್ತಿದ್ದರು. ನಮ್ಮ ಹಟ್ಟಿಯ ದನದ ನೆನಪಾಗಿ ಎದ್ದು ಬಂದೆ.

ಮಾರ್ಕೆಟಿನಲ್ಲಿ ಒಬ್ಬಳು ತಾವರೆ ಎಲೆಯಲ್ಲಿ ಹಸಿರು ಹಸಿರಾದ ಏನನ್ನೋ ಕಟ್ಟಿ ಮಾರುತ್ತಿದ್ದಳು. ಬಿಚ್ಚಿ ನೋಡಿದರೆ ಅವಲಕ್ಕಿ. ಎಳೆ ಭತ್ತದ, ಪರಿಮಳದ, ಮೆತ್ತಗಿನ ಅವಲಕ್ಕಿ. ಅಲ್ಲಿಯವರು ಅದನ್ನು ಚಿಟಿಕೆ ಚಿಟಿಕೆ ತೆಗೆದು, ನಿಧಾನ, ಪ್ರಸಾದದ ಹಾಗೆ ಬಾಯಿಗೆ ಹಾಕಿಕೊಳ್ಳುತ್ತಾರೆ. ನಾನು ಮುಷ್ಟಿಯಲ್ಲಿ ತೆಗೆದು ಬಾಯಿಗೆ ಎಸೆದದ್ದನ್ನು ನೋಡಿ ಮಾರುವವಳಿಗೆ ಸ್ವಲ್ಪ ನೋವಾದಂತೆ ಕಂಡಿತು. ಸಾವಿರಾರು ಮೈಲಿ ದೂರ ಬಂದು ಅವಲಕ್ಕಿ ತಿನ್ನುತ್ತಿದ್ದೇನೆ, ಕೋಣೆಯ ಸೂಟ್‌ಕೇಸಿನಲ್ಲೂ ಅವಲಕ್ಕಿ ಇದೆ, ಹಾಗಾದರೆ ನಾನು ಬಂದದ್ದು ಎಲ್ಲಿಗೆ ಎಂದು ತಲೆ ಗಿರ್ರೆಂದಿತು. ಸುಧಾರಿಸಿಕೊಳ್ಳಲು ಕಾಫಿ ಕೇಳಿದರೆ ಮೊಟ್ಟೆಯ ನೊರೆ ಹಾಕಿದ ಕಾಫಿ ಬಂತು. ಆ ಸಂಜೆ ನಮ್ಮವರಿಗೆ ಫೋನಿನಲ್ಲಿ ಅದನ್ನು ಹೇಳಿದೆ.

"ಕಾಫಿಗೆ ಮೊಟ್ಟೆಯಾ? ಬೇಯಿಸಿದ್ದಾ?"

"ಅಲ್ಲ, ಕಡೆದದ್ದು."

"ಕೈಯಲ್ಲಾ, ಮಿಕ್ಸಿಯಲ್ಲಾ?"

"ಮೆಷಿನಿನಲ್ಲಿ."

"ಯಾವ ಕಂಪೆನಿಯದ್ದು?" ಎಂದರು. ನನಗೆ ಊಟವಾಯಿತಾ ಎಂದು ಕೇಳಲು ಅವರಿಗೆ ನೆನಪಾಗಲಿಲ್ಲ. ಕೇಳಿದ್ದರೂ ನಾನು ಆಯ್ತು ಎಂದೇ ಹೇಳುತ್ತಿದ್ದೆ.

ಹೀಗೆ ಬೀದಿಯಲ್ಲಿ ನನ್ನ ಹೊಟ್ಟೆ ತುಂಬುತ್ತಿತ್ತು. ಆದರೆ ಸಂಜೆ ಮನೆಗೆ ಬಂದಾಗ ಆ ಚಾಪೆ, ಆ ಹರಿವಾಣ. ಹೋವಾ ದಿನವೂ ಕರೆಯುತ್ತಿದ್ದಳು, ನಾನು ದಿನವೂ ಹೊಟ್ಟೆ ಸವರಿಕೊಳ್ಳುತ್ತಿದ್ದೆ. ಅವಳ ಕರೆ ನಿಜವಾದದ್ದೋ ಬಾಯಿಮಾತಿನದ್ದೋ ಎಂದು ತಿಳಿಯುವುದೇ ನನಗೆ ದೊಡ್ಡ ಚಿಂತೆಯಾಯಿತು. ಅವಳು ಏಳುವುದಿಲ್ಲ, ಆದ್ದರಿಂದ ಬಾಯಿಮಾತು. ಆದರೆ ನಗುವುದು ಕಣ್ಣಿನಿಂದ, ಆದ್ದರಿಂದ ನಿಜ. ತಟ್ಟೆಯ ಸದ್ದು ಕೇಳೋಣವೆಂದರೆ ಬಟ್ಟಲುಗಳೆಲ್ಲ ಮೊದಲೇ ಹರಿವಾಣದ ಪಕ್ಕ ಜೋಡಿಸಿಟ್ಟಿರುತ್ತವೆ. ಅವುಗಳಲ್ಲಿ ಒಂದು ಬಟ್ಟಲು ಹೆಚ್ಚಿಗೆ ಇದ್ದಂತೆ ಒಂದು ದಿನ ಕಂಡಿತು. ಅದು ನನಗೋ, ಮೂಳೆ ಹಾಕಲೋ? ಊರಿನಲ್ಲಿ ಬಾಗಿಲ ಹೊರಗಿನಿಂದಲೇ ಒಳಗಿನವರ ಮನಸ್ಸು ಓದುತ್ತಿದ್ದವಳು ಇಲ್ಲಿ ಮೆಟ್ಟಿಲ ಮೇಲೆ ನಿಂತು ಬಟ್ಟಲು ಎಣಿಸುವ ಹಾಗಾಯಿತು.

ಇದರ ನಡುವೆ ಮೇಲಿನ ಮಹಡಿಗೆ ಜರ್ಮನಿಯ ಗಂಡ ಹೆಂಡತಿ ಬಂದರು. ನನಗಿಂತ ಹಿರಿಯರು, ಆರೋಗ್ಯವಂತರು. ಬಂದ ಸಂಜೆಯೇ ಹೋವಾ ಅವರನ್ನೂ "ಅನ್ನ ತಿನ್ನಿ" ಎಂದು ಕರೆದಳು. ಅವರಿಬ್ಬರೂ "ಓ" ಎಂದು, ಬೂಟು ಬಿಚ್ಚಿ, ಚಾಪೆಯ ಮೇಲೆ ಕೂತೇ ಬಿಟ್ಟರು. ಒಂದೇ ಕರೆಗೆ. ನಾನು ಮೆಟ್ಟಿಲಿನಲ್ಲಿ ನಿಂತು ನೋಡಿದೆ. ಆ ಗಂಡಸು ಮಣ್ಣಿನ ಪಾತ್ರೆಯಿಂದ ಮೀನಿನ ನಡುತುಂಡನ್ನು ಎತ್ತಿ ಬಾಯಿಗೆ ಹಾಕಿಕೊಂಡು ಕಣ್ಣುಮುಚ್ಚಿದ. ಎಷ್ಟು ನಾಚಿಕೆಗೆಟ್ಟವರು ಎಂದು ನನಗೆ ಅನ್ನಿಸಿತು. ಮತ್ತೊಂದು ಕ್ಷಣದಲ್ಲಿ, ಇವರಿಗೆ ಈ ಭಾಗ್ಯ ಹೇಗೆ ಬಂತು ಎಂದು ಹೊಟ್ಟೆಕಿಚ್ಚಾಯಿತು. ಎರಡರಲ್ಲಿ ಯಾವುದು ಮೊದಲು ಬಂತೆಂದು ಈಗ ಸರಿಯಾಗಿ ನೆನಪಿಲ್ಲ. ಆ ಸಂಜೆ ಸೂಟ್‌ಕೇಸ್ ತೆರೆದು ಪ್ರೇಮನ ಚೀಲವನ್ನು ನೋಡಿದೆ. ಗಂಟಿನ ಮೇಲೆ ಕೈ ಇಟ್ಟೆ. ಅವಳ ನಗು ನೆನಪಾಗಿ ಮುಚ್ಚಿದೆ.

ಮರುದಿನ ಬೆಳಿಗ್ಗೆ ಲಿನ್ ಆಫೀಸಿಗೆ ಹೊರಡುವಾಗ ಬಾಗಿಲಲ್ಲಿ ಸಿಕ್ಕಿ, "ಆಂಟಿ, ಅಮ್ಮ ನಿಮ್ಮನ್ನು ತುಂಬ ಹೊಗಳುತ್ತಾಳೆ" ಎಂದಳು.

"ಎಂತಕ್ಕೆ?"

"ನೀವು ನಮ್ಮವರ ಹಾಗೆಯೇ ಅಂತೆ. ನಮ್ಮಲ್ಲಿ ಉಣ್ಣುವಾಗ ಹಾದು ಹೋಗುವವರನ್ನು ಕರೆಯಬೇಕು. ಕರೆದರೆ ಅವರು 'ನನ್ನದು ಆಯ್ತು' ಎಂದು ಹೋಗಬೇಕು. ಹೊರಗಿನಿಂದ ಬಂದವರಿಗೆ ಇದು ಗೊತ್ತಿರುವುದಿಲ್ಲ. ನಿಮಗೆ ಮಾತ್ರ ಯಾರೂ ಹೇಳಿಕೊಡದೆ ಗೊತ್ತಿದೆ ಎನ್ನುತ್ತಾಳೆ. ನಿನ್ನೆ ನೋಡಿ, ಅವರಿಬ್ಬರು ಕೂತೇ ಬಿಟ್ಟರು."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ದಿನ ನಾನು ಮಾಡಿದ್ದು ತಪ್ಪೆಂದು ತಿಳಿದು ಕೊರಗುತ್ತಿದ್ದೆ. ಈಗ ನೋಡಿದರೆ ಅದು ಸರಿಯಾಗಿಬಿಟ್ಟಿತ್ತು, ಅದಕ್ಕಾಗಿಯೇ ಊಟ ತಪ್ಪಿತ್ತು. ಬಾಯಾರಿನ ಮರ್ಯಾದೆ ಹನೋಯ್‌ನಲ್ಲಿ ಉಳಿಯಿತು, ನನ್ನ ಊಟ ಉಳಿಯಲಿಲ್ಲ. ಧೈರ್ಯ ಮಾಡಿ ಕೇಳಿದೆ: "ಹಾಗಾದರೆ ಅಮ್ಮ ನಿಜವಾಗಿ ಕರೆಯುವುದೋ, ಸುಮ್ಮನೆ ಕರೆಯುವುದೋ?"

ಲಿನ್ ಸ್ಕೂಟರಿನ ಕೀ ತೆಗೆದಳು. "ಅದು ಅಮ್ಮನಿಗೂ ಗೊತ್ತಿರಲಿಕ್ಕಿಲ್ಲ" ಎಂದಳು. "ಕರೆಯಬೇಕು, ಕರೆಯುತ್ತಾಳೆ. ನೀವು ಕೂತರೆ ಸಂತೋಷ. ಕೂರದಿದ್ದರೆ ಗೌರವ." ಸ್ಕೂಟರ್ ಹತ್ತಿ ಹೋದಳು. ಗೌರವ ನನಗೆ ಊರಿನಲ್ಲೇ ಬೇಕಾದಷ್ಟು ಇತ್ತು; ಶಾಲೆಯಲ್ಲಿ ಹೊದಿಸಿದ ಶಾಲು ಇನ್ನೂ ಕಪಾಟಿನಲ್ಲಿದೆ. ನಾನು ಬಂದದ್ದು ಸಂತೋಷಕ್ಕೆ. ಆದರೆ ಇಷ್ಟು ಹೊಗಳಿಕೆ ಕೇಳಿದ ಮೇಲೆ ಆ ಚಾಪೆಯ ಮೇಲೆ ಹೋಗಿ ಕೂರುವುದು ಹೇಗೆ? ಮೊದಲೇ ದಾರಿ ಇರಲಿಲ್ಲ, ಈಗ ಅದಕ್ಕೆ ಬೀಗವೂ ಬಿತ್ತು.

ಹೊರಡುವ ಹಿಂದಿನ ಸಂಜೆ ಸೂಟ್‌ಕೇಸ್ ತುಂಬಿಸಲು ಕೂತೆ. ಪ್ರೇಮನ ಚೀಲ ಬಿಚ್ಚದೆ ಉಳಿದಿತ್ತು. ಗೆದ್ದೆ ಎನ್ನೋಣವೆಂದರೆ, ಯಾರ ಮನೆಯ ಊಟವೂ ಸಿಕ್ಕಿರಲಿಲ್ಲ. ಹೊತ್ತುಕೊಂಡು ವಾಪಸು ಹೋದರೆ ಪ್ರೇಮ ಕೇಳುತ್ತಾಳೆ. ಇವರಿಗೇ ಕೊಟ್ಟು ಹೋಗೋಣವೆಂದು ಚೀಲ ಹಿಡಿದು ಕೆಳಗೆ ಇಳಿದೆ. ಚಾಪೆ ಹಾಸಿತ್ತು, ಜರ್ಮನಿಯವರು ಹೊರಗೆ ಹೋಗಿದ್ದರು, ಲಿನ್ ಅನ್ನ ಹಾಕುತ್ತಿದ್ದಳು. ಚೀಲವನ್ನು ಹೋವಾಳ ಮುಂದೆ ಹಿಡಿದೆ. ಅವಳು ಎರಡೂ ಕೈ ಅಲ್ಲಾಡಿಸಿ ಬೇಡ ಎಂದಳು. ಆ ಕೈ ಅಲ್ಲಾಡಿಸಿದ ರೀತಿ ನೋಡಿದ ಕೂಡಲೇ ನನ್ನ ಗೊಂದಲವೆಲ್ಲ ಹಾರಿಹೋಯಿತು. ಇದು ನನಗೆ ಗೊತ್ತಿದ್ದ ಬೇಡ. ಇದಕ್ಕೆ ಏನು ಮಾಡಬೇಕೆಂದು ನನಗೆ ಗೊತ್ತು.

"ಅದೆಲ್ಲ ಆಗ್ಲಿಕ್ಕಿಲ್ಲ, ಇಟ್ಕೊಳ್ಳಿ" ಎಂದೆ. ಅವಳು ಚೀಲವನ್ನು ನನ್ನ ಕಡೆ ತಳ್ಳಿದಳು. ನಾನು ಅವಳ ಕಡೆ ತಳ್ಳಿದೆ. ಅವಳು ಅವಳ ಭಾಷೆಯಲ್ಲಿ ಏನೋ ಹೇಳಿದಳು, ಬಹುಶಃ ಎಂತಕ್ಕೆ ಸುಮ್ಮನೆ ಎಂದು. ನಾನು ನನ್ನ ಭಾಷೆಯಲ್ಲಿ, ಮನೆಯಲ್ಲಿ ಮಾಡಿದ್ದು, ದುಡ್ಡು ಕೊಟ್ಟು ತಂದದ್ದಲ್ಲ ಎಂದೆ. ಲಿನ್ ಸೌಟು ಹಿಡಿದು ನಗುತ್ತಾ ನಿಂತಳೇ ಹೊರತು ಅನುವಾದಕ್ಕೆ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೊನೆಗೆ ನಾನು ಅವಳ ಕೈಯನ್ನು ಬಿಡಿಸಿ ಚೀಲದ ಕಿವಿಯನ್ನು ಬೆರಳಿಗೆ ಸಿಕ್ಕಿಸಿದೆ. ಅವಳು ಸೋತು ನಕ್ಕು, ಹಲಸಿನ ಹಪ್ಪಳದ ಕಟ್ಟು ತೆಗೆದು ಮೂಸಿ, ಆಗಲೇ ಒಲೆಯ ಮೇಲೆ ಎಣ್ಣೆ ಇಟ್ಟಳು. ಹಪ್ಪಳ ಅರಳುವುದನ್ನು ನೋಡಿ ತಾಯಿ ಮಗಳಿಬ್ಬರೂ ಒಟ್ಟಿಗೆ ಏನೋ ಅಂದರು.

ನಾನು ಮೆಟ್ಟಿಲ ಕಡೆ ತಿರುಗಿದ್ದೆ. ಹಿಂದಿನಿಂದ ಹೋವಾ ಬಂದು ನನ್ನ ಹೆಗಲು ಹಿಡಿದು ಒತ್ತಿ ಚಾಪೆಯ ಮೇಲೆ ಕೂರಿಸಿದಳು. ಅನ್ನ ತಿನ್ನಿ ಎನ್ನಲಿಲ್ಲ, ಏನೂ ಕೇಳಲಿಲ್ಲ. ನಾನು ಕೂತಲ್ಲಿಗೆ ಬಟ್ಟಲು ಬಂತು, ಬಟ್ಟಲಿಗೆ ಅನ್ನ ಬಂತು, ಅನ್ನದ ಮೇಲೆ ಮಣ್ಣಿನ ಪಾತ್ರೆಯ ಮೀನಿನ ನಡುತುಂಡು ಬಂತು. ಅಂಬಟೆಕಾಯಿಯ ಹಾಗಿನ ಹುಳಿಕಾಯಿ ಹಾಕಿದ ಸಾರು, ಬೆಳ್ಳುಳ್ಳಿಯಲ್ಲಿ ಬಾಡಿಸಿದ ಸೊಪ್ಪು, ಪಕ್ಕದಲ್ಲಿ ನಮ್ಮ ಹಪ್ಪಳ. ಚಾಪ್‌ಸ್ಟಿಕ್ ಹಿಡಿಯಲು ಬಾರದೆ ಕೈಯಲ್ಲೇ ಕಲಸಿದೆ, ಯಾರೂ ಏನೂ ಅನ್ನಲಿಲ್ಲ. ಖಾಲಿಯಾದ ಹಾಗೆ ಅವಳು ಹಾಕುತ್ತಿದ್ದಳು. ಸಾಕು ಎಂದು ಬಟ್ಟಲಿಗೆ ಕೈ ಅಡ್ಡ ಹಿಡಿದರೆ, ಬೆರಳ ಸಂದಿಯಿಂದ ಚಾಪ್‌ಸ್ಟಿಕ್ಕಿನಲ್ಲೇ ಒಂದು ತುಂಡು ಮೀನು ಇಳಿಸಿದಳು. ಆಗ ನನ್ನ ಕಣ್ಣು ತುಂಬಿತು. ಮೆಣಸಿನ ಖಾರ ಎಂದು ಲಿನ್‌ಗೆ ಹೇಳಿದೆ. ಖಾರವೇ ಇರಲಿಲ್ಲ. ಅಮ್ಮ ಹೋದ ಮೇಲೆ ನಾನು ಹಾಗೆ ಉಂಡದ್ದು ಅದೇ ಮೊದಲು.

ಹೊಟ್ಟೆ, ಮನಸ್ಸು ಎರಡೂ ತುಂಬಿಸಿಕೊಂಡು ಊರಿಗೆ ಬಂದೆ. ವಿಮಾನದಲ್ಲಿ ಕೂತು ಒಂದು ತೀರ್ಮಾನವನ್ನೂ ಮಾಡಿದ್ದೆ. ಇನ್ನು ಈ ಬೇಡಾಟ ಸಾಕು. ಹಸಿವಾದರೆ ಹಸಿವು ಎನ್ನುವುದು, ಬೇಡ ಎಂದವರನ್ನು ಪೀಡಿಸದೆ ಬಿಡುವುದು. ಆ ಜರ್ಮನಿಯವರು ಎಷ್ಟು ಸುಖವಾಗಿದ್ದರು. ಊರಿಗೆ ಬಂದ ಮರುದಿನವೇ ಪ್ರೇಮ ಸುದ್ದಿ ಕೇಳಲು ಬಂದಳು. ಮಧ್ಯಾಹ್ನದ ಹೊತ್ತು. "ಊಟ ಮಾಡ್ತೀಯಾ?" ಎಂದೆ. "ಬೇಡ ಅತ್ತಿಗೆ, ಈಗಷ್ಟೇ ಆಯ್ತು" ಎಂದಳು. "ಸರಿ" ಎಂದು ನಾನು ಹನೋಯ್‌ನ ಕಥೆ ಮುಂದುವರಿಸಿದೆ. ಅವಳು ಸ್ವಲ್ಪ ಹೊತ್ತು ಅಡುಗೆಮನೆಯ ಕಡೆ ನೋಡಿದಳು. ಕನ್ನಡಕ ಒರೆಸಿಕೊಂಡಳು. ನಾನು ಹಪ್ಪಳ ಕೊಟ್ಟ ಕಥೆಗೆ ಬಂದಾಗ ಎದ್ದು ಹೋದಳು. ಸಂಜೆ ನಮ್ಮವರಿಗೆ ಅವಳ ಫೋನು: "ಅಣ್ಣ, ಅತ್ತಿಗೆಗೆ ಎಂತ ಆಗಿದೆ? ವಿದೇಶಕ್ಕೆ ಹೋಗಿ ಬಂದದ್ದಕ್ಕೆ ಇಷ್ಟು ಅಹಂಕಾರವಾ? ನಾನು ಅಲ್ಲಿ ಊಟ ಮಾಡುವ ಅಂತ ಮನೆಯಲ್ಲಿ ಅನ್ನವೇ ಇಟ್ಟಿರಲಿಲ್ಲ."

ರಾಜಿ ಮಾಡಿಕೊಳ್ಳಲು ಎರಡು ದಿನ ಬಿಟ್ಟು ಅವಳ ಮನೆಗೆ ಹೋದೆ, ಬೇಕೆಂದೇ ಏನೂ ತಿನ್ನದೆ. ಒಳಗೆ ಬಂಗುಡೆ ಸಾರು ಕುದಿಯುತ್ತಿತ್ತು. "ಊಟ ಮಾಡ್ತೀರಾ ಅತ್ತಿಗೆ?" ಎಂದಳು. ಹೌದು, ಹಸಿವಾಗಿದೆ ಎಂದು ಹೇಳಲು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಬಾಯಿ ತೆರೆದರೆ, "ಬೇಡ, ಈಗಷ್ಟೇ ಊಟ ಆಯ್ತು" ಎಂದೇ ಬಂತು. "ಸರಿ" ಎಂದು ಪ್ರೇಮ ಒಳಗೆ ಹೋಗಿ ಪಾತ್ರೆಗೆ ಮುಚ್ಚಳ ಹಾಕಿದಳು. ಆ ಮುಚ್ಚಳದ ಸದ್ದು ನನಗೆ ಜಗಲಿಯವರೆಗೆ ಕೇಳಿತು.

ಹಸಿದುಕೊಂಡು ಮನೆಗೆ ಬಂದು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೆ. ಅನ್ನ ಬಡಿಸಿಕೊಳ್ಳಲೂ ಮನಸ್ಸಾಗಲಿಲ್ಲ. ಅಂಗಡಿಯಿಂದ ಬಂದು ಊಟ ಮುಗಿಸಿದ್ದ ನಮ್ಮವರು ನನ್ನ ಮುಖ ನೋಡಿದರು. ಪ್ರೇಮ ಅವರಿಗೆ ಫೋನಿನಲ್ಲಿ ಎಂತ ಹೇಳಿದ್ದಳೋ, ಹನೋಯ್‌ನ ಆ ಸಂಜೆಯ ಕಥೆಯನ್ನು ನಾನು ಹೇಳಿದ್ದು ಎಷ್ಟು ಅವರ ಕಿವಿಗೆ ಬಿದ್ದಿತ್ತೋ ಗೊತ್ತಿಲ್ಲ. ಏನೂ ಕೇಳದೆ ಸ್ಟ್ಯಾಂಡಿನಿಂದ ತಟ್ಟೆ ತೆಗೆದರು. ತಟ್ಟೆಯ ಸದ್ದು ನಾನು ಕಿವಿಯಾರೆ ಕೇಳಿದೆ. ನನ್ನ ಹೆಗಲು ಹಿಡಿದು ಸ್ಟೂಲಿನ ಮೇಲೆ ಕೂರಿಸಿದರು. ತಟ್ಟೆಗೆ ಅನ್ನ ಹಾಕಿದರು. ಮೀನು ಸಾರಿನ ಪಾತ್ರೆ ತೆರೆದು, ಸೌಟು ಮುಳುಗಿಸಿ, ನಡುತುಂಡನ್ನೇ ಹುಡುಕಿ ಎತ್ತಿದರು. ಮದುವೆಯಾದಂದಿನಿಂದ ಅವರು ಹಾಗೆ ಬಡಿಸಿದ್ದನ್ನು ನಾನು ಕಂಡದ್ದಿಲ್ಲ. ಸಂತೋಷ ತಡೆಯಲಾಗದೆ, ಅಭ್ಯಾಸಬಲದಿಂದ, ತಟ್ಟೆಗೆ ಕೈ ಅಡ್ಡ ಹಿಡಿದು "ಬೇಡ, ಬೇಡ" ಎಂದುಬಿಟ್ಟೆ.

"ಸರಿ" ಎಂದು ಅವರು ಸೌಟನ್ನು ಪಾತ್ರೆಗೆ ವಾಪಸು ಇಳಿಸಿ, ಮುಚ್ಚಳ ಮುಚ್ಚಿ, ಕೈ ತೊಳೆದು ಅಂಗಡಿಗೆ ಹೋದರು.